ಪರದೆಯ ಹಿಂದೆ ಒಂದೇ ಸಲ: ಆರ್ಕೆಸ್ಟ್ರಾ ಆಡಿಷನ್‌ಗೆ ತಾಲೀಮು ಹೀಗಿರಲಿ

ನಮ್ಮೂರುಗಳಲ್ಲಿ ಆರ್ಕೆಸ್ಟ್ರಾ ಎಂದರೆ ಗಣೇಶನ ಹಬ್ಬದ ಪೆಂಡಾಲಿನಲ್ಲಿ ಸಿನಿಮಾ ಹಾಡು ಹೇಳುವ ತಂಡ. ನಾನಿಲ್ಲಿ ಹೇಳುತ್ತಿರುವುದು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಸಿಂಫನಿ ಆರ್ಕೆಸ್ಟ್ರಾ ವಿಷಯ. ದೊಡ್ಡ ತಂಡದಲ್ಲಿ ಒಂದು ಕುರ್ಚಿ ಖಾಲಿಯಾದರೆ ನೂರಾರು ಅರ್ಜಿ ಬರುವುದುಂಟು. ಆಯ್ಕೆಗಾಗಿ ನುಡಿಸಿ ತೋರಿಸುವ ಪರೀಕ್ಷೆಯೇ ಆಡಿಷನ್. ಅಮೆರಿಕದಲ್ಲಿ ಅದರ ಮೊದಲ ಸುತ್ತು ಸಾಮಾನ್ಯವಾಗಿ ಪರದೆಯ ಹಿಂದೆ ನಡೆಯುತ್ತದೆ. ಅಭ್ಯರ್ಥಿಗೆ ಹೆಸರಿಲ್ಲ, ನಂಬರು ಮಾತ್ರ. ಹೆಜ್ಜೆ ಸಪ್ಪಳದಿಂದ ಗಂಡೋ ಹೆಣ್ಣೋ ಗೊತ್ತಾಗಬಾರದೆಂದು ಕಾರ್ಪೆಟ್ ಹಾಸಿರುತ್ತಾರೆ. ಏನಾದರೂ ಕೇಳಬೇಕಾದರೆ ಜತೆಗಿರುವ ಸಿಬ್ಬಂದಿಯ ಕಿವಿಯಲ್ಲಿ ಹೇಳಬೇಕು, ಅವರು ತೀರ್ಪುಗಾರರನ್ನು ಕೇಳುತ್ತಾರೆ. ಬಾಸ್ಟನ್ ಸಿಂಫನಿ ಆರ್ಕೆಸ್ಟ್ರಾ 1952ರಲ್ಲೇ ಹೀಗೆ ಪರದೆ ಕಟ್ಟಿತು. ನುಡಿಸಲು ಸಿಗುವುದು ಕೆಲವೇ ನಿಮಿಷ.

ಮೊತ್ಸಾರ್ಟ್ 1775ರಲ್ಲಿ ಬರೆದ ಐದನೇ ಪಿಟೀಲು ಕಾನ್ಚೆರ್ಟೊವನ್ನು (ಒಂಟಿ ಪಿಟೀಲಿಗೆ ಆರ್ಕೆಸ್ಟ್ರಾ ಜತೆಗೂಡುವ ಕೃತಿ) ಪಿಟೀಲಿನವರ ಆಡಿಷನ್‌ಗಳಲ್ಲಿ ಮತ್ತೆ ಮತ್ತೆ ಕೇಳುತ್ತಾರೆ. ಅದರಲ್ಲಿ ಪಿಟೀಲು ಪ್ರವೇಶಿಸುವುದೇ ನಿಧಾನಗತಿಯ ಒಂದು ಪುಟ್ಟ ಅಡಾಜಿಯೊದಿಂದ. ಬೆರಳಿಗೆ ಕಷ್ಟವೇನಿಲ್ಲ, ಉದ್ದಕ್ಕೆ ಕಮಾನು ಎಳೆದರಾಯಿತು. ನನ್ನ ಮೊದಲ ಆಡಿಷನ್‌ನಲ್ಲಿ ಅಲ್ಲೇ ಕಮಾನು ತಂತಿಯ ಮೇಲೆ ಪಟಪಟ ಕುಣಿಯಿತು. ಮನೆಯಲ್ಲಿ ನೂರಾರು ಸಲ ನುಡಿಸಿದ್ದೆ. ಆದರೆ ಚೆನ್ನಾಗಿ ಬರುತ್ತಿದ್ದದ್ದು ಕೈ ಬಿಸಿಯಾದ ಮೇಲೆ, ಮೂರನೆಯ ನಾಲ್ಕನೆಯ ಸಲಕ್ಕೆ. ಮೊದಲನೆಯ ಸಲಕ್ಕೇ ಚೆನ್ನಾಗಿ ನುಡಿಸುವುದನ್ನು ಒಂದು ದಿನವೂ ಅಭ್ಯಾಸ ಮಾಡಿರಲಿಲ್ಲ. ಆಡಿಷನ್‌ನಲ್ಲಿ ಬೇಕಾಗಿರುವುದು ಅದೊಂದೇ.

ಹೆದರಿಕೆಯಾದಾಗ ಅಡ್ರಿನಾಲಿನ್ ಏರುತ್ತದೆ. ಎದೆ ಡವಡವ ಎನ್ನುತ್ತದೆ, ಚರ್ಮದ ರಕ್ತನಾಳ ಬಿಗಿದು ಬೆರಳು ತಣ್ಣಗಾಗುತ್ತವೆ, ಕೈ ನಡುಗುತ್ತದೆ, ಲಯ ಓಡುತ್ತದೆ. ಧೈರ್ಯ ಹೇಳಿಕೊಂಡ ಮಾತ್ರಕ್ಕೆ ಇದು ನಿಲ್ಲುವುದಿಲ್ಲ. ಆ ಸ್ಥಿತಿಯಲ್ಲೇ ನುಡಿಸಿ ನುಡಿಸಿ ದೇಹಕ್ಕೆ ಅದನ್ನು ಪರಿಚಯ ಮಾಡಿಸಬೇಕು.

ಹಾಗೆಂದು ಮೊದಲ ದಿನದಿಂದಲೇ ಶುರು ಮಾಡಬೇಡಿ. ನುಡಿಸಬೇಕಾದ ತುಣುಕುಗಳ ಪಟ್ಟಿಯನ್ನು ಆರ್ಕೆಸ್ಟ್ರಾದವರೇ ಮುಂಚಿತವಾಗಿ ಕಳಿಸುತ್ತಾರೆ. ಪಿಟೀಲಿಗಾದರೆ ರಿಚರ್ಡ್ ಸ್ಟ್ರಾಸ್‌ನ ‘ಡಾನ್ ಹುವಾನ್’ ಮೊದಲ ಪುಟ, ಶೂಮನ್‌ನ ಎರಡನೇ ಸಿಂಫನಿಯ ಸ್ಕೆರ್ಟ್ಸೊ ಎಂಬ ಚುರುಕುಗತಿಯ ಭಾಗ ಇವು ಬಹುತೇಕ ಇದ್ದೇ ಇರುತ್ತವೆ. ಸ್ವರ, ಬೆರಳು, ಕಮಾನು ಮೂರೂ ಗಟ್ಟಿಯಾಗುವವರೆಗೆ ನಿಧಾನದ ಅಭ್ಯಾಸವೇ ಸರಿ. ಗಟ್ಟಿಯಾಗದ್ದನ್ನು ಒತ್ತಡದಲ್ಲಿ ನುಡಿಸಿದರೆ ತಪ್ಪೇ ಕೈಗೆ ಕೂರುತ್ತದೆ. ಜತೆಗೆ ಇಡೀ ಕೃತಿಯನ್ನು ಕೇಳಿ. ನಿಮ್ಮ ತುಣುಕಿನ ಹೊತ್ತಿಗೆ ಉಳಿದ ವಾದ್ಯಗಳು ಏನು ಮಾಡುತ್ತಿವೆ ಎಂಬುದು ಗೊತ್ತಿದ್ದರೆ ಲಯ ತಾನಾಗಿ ನಿಲ್ಲುತ್ತದೆ.

ಆಡಿಷನ್‌ಗೆ ಮೂರ್ನಾಲ್ಕು ವಾರ ಇದೆ ಎನ್ನುವಾಗ ಚೀಟಿಗಳನ್ನು ಮಾಡಿ. ಒಂದೊಂದು ಚೀಟಿಯಲ್ಲಿ ಒಂದೊಂದು ತುಣುಕಿನ ಹೆಸರು ಬರೆದು ಡಬ್ಬಿಗೆ ಹಾಕಿಡಿ. ಬೆಳಿಗ್ಗೆ ಪೆಟ್ಟಿಗೆಯಿಂದ ಪಿಟೀಲು ತೆಗೆದು ಶ್ರುತಿ ಮಾಡಿದವರೇ ಫೋನಿನ ರೆಕಾರ್ಡರ್ ಒತ್ತಿ ಒಂದು ಚೀಟಿ ಎತ್ತಿ. ಬಂದದ್ದನ್ನು ಒಂದೇ ಸಲ ನುಡಿಸಿ. ತಪ್ಪಿದರೂ ನಿಲ್ಲಿಸುವಂತಿಲ್ಲ, ಹಿಂದಕ್ಕೆ ಹೋಗುವಂತಿಲ್ಲ. ಮುಗಿದ ಮೇಲೆ ‘ಇನ್ನೊಂದೇ ಸಲ’ ಎಂದು ಕೈ ತುಡಿಯುತ್ತದೆ. ಆ ತುಡಿತಕ್ಕೆ ಮಣಿಯಬೇಡಿ, ಪಿಟೀಲನ್ನು ಕೆಳಗಿಡಿ. ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಇದೇ, ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದೂ ಇದೇ.

ವಾರ ಕಳೆದ ಮೇಲೆ ದೇಹವನ್ನು ಕೆರಳಿಸಿ. ಎರಡು ಮಹಡಿ ಮೆಟ್ಟಿಲನ್ನು ಓಡಿ ಹತ್ತಿಳಿದು, ಉಸಿರು ಏರಿರುವಾಗಲೇ ಪಿಟೀಲು ಎತ್ತಿಕೊಳ್ಳಿ. (ಹೃದಯದ ತೊಂದರೆ ಇರುವವರು ಇದನ್ನು ಬಿಡಿ.) ಎದೆ ಬಡಿತಕ್ಕೆ ಲಯ ಹೇಗೆ ಓಡುತ್ತದೆ ಎಂಬುದು ರೆಕಾರ್ಡಿಂಗ್ ಜತೆ ಮೆಟ್ರೊನೋಮ್ (ಒಂದೇ ಲಯದಲ್ಲಿ ಟಿಕ್ ಟಿಕ್ ಎನ್ನುವ ಸಾಧನ) ಹಾಕಿದಾಗ ತಿಳಿಯುತ್ತದೆ. ನುಡಿಸುವ ಮುನ್ನ ಹತ್ತು ಸೆಕೆಂಡ್ ನಿಮ್ಮದು. ಉಸಿರನ್ನು ಉದ್ದಕ್ಕೆ ಬಿಡಿ, ಹೆಗಲು ಇಳಿಸಿ, ಮೊದಲ ಎರಡು ಬಾರ್ (ತಾಳದ ಆವರ್ತದಂಥ ಅಳತೆ) ಮನಸ್ಸಿನಲ್ಲೇ ಹಾಡಿಕೊಂಡು ಆ ವೇಗದಲ್ಲೇ ಶುರು ಮಾಡಿ. ಪರದೆಯ ಆಚೆ ಕುಳಿತವರಿಗೆ ಈ ಹತ್ತು ಸೆಕೆಂಡ್ ದೊಡ್ಡದಲ್ಲ, ಅಭ್ಯರ್ಥಿಗೆ ಮಾತ್ರ ಯುಗದಂತೆ ಅನಿಸುತ್ತದೆ. ಅದಕ್ಕೇ ಕಾಯುವುದನ್ನೂ ಅಭ್ಯಾಸ ಮಾಡಬೇಕು.

ಆಮೇಲೆ ಅಣಕು ಆಡಿಷನ್. ವಾರಕ್ಕೆ ಎರಡಾದರೂ ಆಗಲಿ, ಸಾಧ್ಯವಾದರೆ ಪ್ರತಿಸಲವೂ ಬೇರೆ ಕೋಣೆಯಲ್ಲಿ. ನಿಜವಾದ ಆಡಿಷನ್‌ನ ದಿನ ಹಾಕಿಕೊಳ್ಳುವ ಬಟ್ಟೆ, ಚಪ್ಪಲಿಯನ್ನೇ ಹಾಕಿಕೊಳ್ಳಿ. ಹಗ್ಗಕ್ಕೆ ಬೆಡ್‌ಶೀಟ್ ಕಟ್ಟಿ, ಆಚೆ ಇಬ್ಬರು ಮೂವರನ್ನು ಕೂರಿಸಿ. ಅವರಿಗೆ ಸಂಗೀತ ಗೊತ್ತಿರಲೇಬೇಕೆಂದಿಲ್ಲ. ನಮ್ಮಮ್ಮನಿಗೆ ಈ ಸಂಗೀತದ ಗಂಧವೂ ಇರಲಿಲ್ಲ. ಆದರೂ ಆಕೆ ಬೆಡ್‌ಶೀಟಿನ ಆಚೆ ಪೆನ್ನು ಹಿಡಿದು ಕುಳಿತ ಕೂಡಲೇ ನನ್ನ ಅಂಗೈ ಬೆವರುತ್ತಿತ್ತು. ನಿಮ್ಮನ್ನು ಹೊರಗೆ ಎಷ್ಟು ಹೊತ್ತು ಕಾಯಿಸಬೇಕು ಎಂಬುದು ಅವರಿಗೇ ಬಿಟ್ಟದ್ದು. ನಡುವೆಯೇ ‘ಥ್ಯಾಂಕ್ಯೂ, ಮುಂದಿನದು’ ಎಂದು ತಡೆಯಲಿ, ಒಮ್ಮೆ ಕೆಮ್ಮಲಿ, ಒಮ್ಮೆ ‘ಇದನ್ನೇ ಇನ್ನಷ್ಟು ಮೆಲ್ಲಗೆ’ ಎಂದು ಕೇಳಲಿ. ನಿಜವಾದ ತೀರ್ಪುಗಾರರೂ ಹೀಗೆ ತಡೆಯುತ್ತಾರೆ. ತಡೆದರೆಂದರೆ ಕೆಟ್ಟಿತು ಎಂದರ್ಥವಲ್ಲ, ಬೇಕಾದಷ್ಟು ಕೇಳಿಯಾಯಿತು ಎಂದಷ್ಟೇ ಆಗಿರಬಹುದು.

ರೆಕಾರ್ಡಿಂಗನ್ನು ಕೂಡಲೇ ಕೇಳಬೇಡಿ. ಮಾರನೆಯ ದಿನ ಶ್ರುತಿಗೊಂದು ಸಲ, ಲಯಕ್ಕೊಂದು ಸಲ, ನಾದಕ್ಕೊಂದು ಸಲ ಕೇಳಿ ಬರೆದಿಡಿ. ಮೂರು ಅಣಕು ಆಡಿಷನ್‌ಗಳಲ್ಲೂ ಒಂದೇ ಜಾಗದಲ್ಲಿ ತಪ್ಪಿದ್ದರೆ ಹೆದರಿಕೆಯನ್ನು ದೂರಬೇಡಿ. ಆ ಜಾಗ ಇನ್ನೂ ಕಲಿತಾಗಿಲ್ಲ. ಬೆರಳಿಡುವ ಕ್ರಮ ಬದಲಿಸಿ, ನಿಧಾನಕ್ಕೆ ಮರಳಿ ಹೋಗಿ.

ನಡುಕ ತಡೆಯಲು ಕೆಲವರು ಎದೆಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ನುಂಗುತ್ತಾರೆ. ಗೆಳೆಯರು ಕೊಟ್ಟರೆಂದು ತೆಗೆದುಕೊಳ್ಳಲೇಬೇಡಿ. ಅಸ್ತಮಾ ಇರುವವರಿಗೆ ಅದರಿಂದ ಅಪಾಯ. ವೈದ್ಯರನ್ನು ಕೇಳದೆ ಮುಟ್ಟುವಂಥದ್ದಲ್ಲ.

ವೃತ್ತಿಗೆ ಹೋಗುವವರಿಗಷ್ಟೇ ಈ ತಾಲೀಮು ಎಂದುಕೊಳ್ಳಬೇಕಿಲ್ಲ. ಅಮೆರಿಕದ ಶಾಲೆಗಳಲ್ಲಿ ಓದುವ ಎಷ್ಟೋ ಕನ್ನಡದ ಮಕ್ಕಳು ಶಾಲಾ ಆರ್ಕೆಸ್ಟ್ರಾದ ಕುರ್ಚಿಗಾಗಿ ಆಡಿಷನ್ ಕೊಡುತ್ತಾರೆ. ಅಜ್ಜಿ ತಾತ ವೀಡಿಯೊ ಕಾಲ್‌ನಲ್ಲಿ ಕ್ಯಾಮೆರಾ ಮುಚ್ಚಿ ಕುಳಿತರೂ ಒಂದು ಒಳ್ಳೆಯ ಪರದೆಯಾಗುತ್ತದೆ.

ಕೊನೆಯ ಮೂರು ದಿನ ಅಣಕು ಆಡಿಷನ್ ಬೇಡ, ನುಡಿಸುವ ಹೊತ್ತನ್ನೂ ಅರ್ಧಕ್ಕೆ ಇಳಿಸಿ. ಹೊಸ ತಂತಿ ಹಾಕುವುದಿದ್ದರೆ ವಾರ ಮೊದಲೇ ಹಾಕಿ, ಹೊಸತರಲ್ಲಿ ಶ್ರುತಿ ಇಳಿಯುತ್ತಲೇ ಇರುತ್ತದೆ. ಪೆಟ್ಟಿಗೆಯಲ್ಲಿ ಇನ್ನೊಂದು ಜತೆ ತಂತಿ, ಕಮಾನಿಗೆ ತಿಕ್ಕುವ ರಾಳ ಮತ್ತು ಬೆರಳು ಬೆಚ್ಚಗಿಡಲು ಒಂದು ಜತೆ ಉಣ್ಣೆಯ ಗ್ಲೌಸ್ ಇರಲಿ.