ವಿಜಯಪುರದಲ್ಲಿ ಆದಿಲ್‌ಶಾಹಿ ಕಾಲದ ಹೆಣ್ಣುಮಕ್ಕಳ ಜಾಡು ಹಿಡಿಯುವುದು ಹೇಗೆ

ಮೊದಲು ಗೋರಿಯ ನೆತ್ತಿ ನೋಡುವುದನ್ನು ಕಲಿಯಿರಿ. ಇಲ್ಲಿನ ರೂಢಿಯಲ್ಲಿ ಗಂಡಸಿನ ಗೋರಿಯ ಮೇಲೆ ಉದ್ದಕ್ಕೆ ಒಂದು ದಿಂಡು ಎದ್ದಿರುತ್ತದೆ, ಅದು ಕಲಮ್‌ದಾನ್. ಹೆಂಗಸಿನ ಗೋರಿ ಮೇಲೆ ಚಪ್ಪಟೆ, ಪಾಟಿಯ ಹಾಗೆ, ಅದು ತಖ್ತಿ. ಇದನ್ನು ಕಣ್ಣಿಗೆ ರೂಢಿಸಿಕೊಳ್ಳಲು ಊರ ಪಶ್ಚಿಮಕ್ಕಿರುವ ಸಾಠ್ ಕಬರ್‌ಗೆ, ಅಂದರೆ ಅರವತ್ತು ಗೋರಿಗಳ ತಾಣಕ್ಕೆ, ಹೋಗಿ. ಒಂದೇ ಕಟ್ಟೆಯ ಮೇಲೆ ಸಾಲುಸಾಲು ಚಪ್ಪಟೆ ಗೋರಿಗಳಿವೆ. 1659ರಲ್ಲಿ ಶಿವಾಜಿಯ ಮೇಲೆ ಹೊರಟ ಆದಿಲ್‌ಶಾಹಿ ಸರದಾರ ಅಫ್ಜಲ್‌ಖಾನ್ ತನ್ನ ಹೆಂಡಂದಿರನ್ನೆಲ್ಲ ಕೊಂದು ಹೂಳಿಸಿದ ಎಂಬ ಕಥೆ ಅಲ್ಲಿ ಯಾರನ್ನು ಕೇಳಿದರೂ ಸಿಗುತ್ತದೆ. ಬರೆದುಕೊಳ್ಳಿ, ಆದರೆ ಪುಟವನ್ನು ಎರಡು ಭಾಗ ಮಾಡಿ: ಎಡಕ್ಕೆ ಕಲ್ಲು ಹೇಳಿದ್ದು, ಬಲಕ್ಕೆ ಜನ ಹೇಳಿದ್ದು. ಇವರು ಹೆಂಗಸರು ಎಂಬಷ್ಟು ಮಾತ್ರ ಎಡಕ್ಕೆ ಬರುತ್ತದೆ. ಹೇಗೆ ಸತ್ತರು, ಯಾರ ಹೆಂಡಂದಿರು ಎಂಬುದೆಲ್ಲ ಬಲಕ್ಕೆ.

ಚಾದರ್ ಹೊದಿಸಿದ ಗೋರಿಯ ನೆತ್ತಿ ಕಾಣುವುದಿಲ್ಲ, ಎತ್ತಿ ನೋಡಲೂಬಾರದು, ನೋಡಿಕೊಳ್ಳುವವರನ್ನು ಕೇಳಿ. ಗಾರೆ, ಸಿಮೆಂಟು ಮೆತ್ತಿದ ಕಡೆ ಆಕಾರವೇ ಬದಲಾಗಿರಬಹುದು. ಅಂಥದ್ದನ್ನು ಅನುಮಾನದ ಗುರುತು ಹಾಕಿ ಬಿಟ್ಟುಬಿಡಿ.

ಎರಡನೆಯದು ಹೆಸರು. ಹೆಚ್ಚಿನವರು ಎಡವುವುದೇ ಇಲ್ಲಿ. ಸುಲ್ತಾನ ಎರಡನೆಯ ಇಬ್ರಾಹಿಂನ ಸಮಾಧಿ ಇರುವ ಇಬ್ರಾಹಿಂ ರೋಜಾದಲ್ಲಿ ಗೋರಿಯಿರುವ ಹಾಜಿ ಬಡೀ ಸಾಹಿಬಾ ಅವನ ತಾಯಿ. ಇಬ್ರಾಹಿಂನ ಮಗ ಮುಹಮ್ಮದ್ ಆದಿಲ್‌ಶಾಹನ ಪತ್ನಿ, ಗೋಲ್ಕೊಂಡದಿಂದ ಬಂದ ಖದೀಜಾ ಸುಲ್ತಾನಳನ್ನೂ ಬಡೀ ಸಾಹಿಬಾ ಎಂದೇ ಕರೆಯುತ್ತಿದ್ದರು; ರುಸ್ತಮಿ ಕವಿ ದಖನಿಯಲ್ಲಿ, ಅಂದರೆ ದಕ್ಷಿಣದ ಉರ್ದುವಿನಲ್ಲಿ, 'ಖಾವರ್‌ನಾಮಾ' ಬರೆದದ್ದು ಈಕೆಯ ಆಶ್ರಯದಲ್ಲಿ. ತಾಜ್ ಸುಲ್ತಾನ ಇಬ್ರಾಹಿಂನ ರಾಣಿ, ಗೋಳಗುಮ್ಮಟದ ತಾಜ್ ಜಹಾನ್ ಬೇಗಂ ಮುಹಮ್ಮದನ ರಾಣಿ. ಬಿರುದಿನ ಪಕ್ಕದಲ್ಲಿ 'ಇಂಥವನ ತಾಯಿ', 'ಇಂಥವನ ಹೆಂಡತಿ' ಎಂದು ಬರೆಯದಿದ್ದರೆ ಸಂಜೆಯ ಹೊತ್ತಿಗೆ ಎಲ್ಲರೂ ಕಲೆಸಿಹೋಗುತ್ತಾರೆ. ಗೋಳಗುಮ್ಮಟದಲ್ಲಿ ಆಸ್ಥಾನದ ನರ್ತಕಿ ರಂಭೆಯ ಗೋರಿ ಸುಲ್ತಾನನ ರಾಣಿಯರ ಗೋರಿಗಳಿರುವ ಕಟ್ಟೆಯ ಮೇಲೆಯೇ ಇದೆ, ಗಮನಿಸಿ. ಮೇಲೆ ಕಾಣುವುದು ತೋರಿಕೆಯ ಗೋರಿಗಳು, ನಿಜವಾದವು ನೆಲಮಾಳಿಗೆಯಲ್ಲಿವೆ.

ಮೂರನೆಯದು ಶಾಸನ. ಇಬ್ರಾಹಿಂ ರೋಜಾ ಕಟ್ಟಲು ಅಪ್ಪಣೆ ಕೊಟ್ಟವಳು ತಾಜ್ ಸುಲ್ತಾನ, ಕಟ್ಟಿಸಿದವನು ಮಲಿಕ್ ಸಂದಲ್, ಖರ್ಚು ಒಂದೂವರೆ ಲಕ್ಷ ಹೊನ್ನಿನ ಮೇಲೆ ಎಂದು ಅಲ್ಲಿನ ಬರಹವೇ ಹೇಳುತ್ತದೆ. ಇಂಥ ಉಬ್ಬಕ್ಷರದ ಚಿತ್ರ ತೆಗೆಯಲು ಬೆಳಿಗ್ಗೆ ಇಲ್ಲವೇ ಸಂಜೆಯ ಓರೆ ಬಿಸಿಲೇ ಬೇಕು. ನಡುಹಗಲಲ್ಲಿ ಅಕ್ಷರದ ನೆರಳು ಬೀಳದೆ ಎಲ್ಲ ಒಂದೇ ಬಣ್ಣವಾಗುತ್ತದೆ. ಸೀಮೆಸುಣ್ಣ ತಿಕ್ಕಬೇಡಿ. ಟ್ರೈಪಾಡ್ ಬೇಕಿದ್ದರೆ ಪುರಾತತ್ತ್ವ ಇಲಾಖೆಯ ಅನುಮತಿ ಮೊದಲೇ ತೆಗೆದುಕೊಳ್ಳಿ. ಹಿಜರಿ ವರ್ಷಕ್ಕೆ ನೇರವಾಗಿ 622 ಕೂಡಿಸಿದರೆ ಲೆಕ್ಕ ತಪ್ಪುತ್ತದೆ, ಚಾಂದ್ರಮಾನ ವರ್ಷ ಚಿಕ್ಕದು. 0.97ರಿಂದ ಗುಣಿಸಿ ಆಮೇಲೆ ಕೂಡಿಸಿ: 1036 ಇದ್ದರೆ 1005, ಅದಕ್ಕೆ 622, ಅಂದರೆ ಸುಮಾರು 1627. ನೇರ ಕೂಡಿಸಿದವರು 1658ಕ್ಕೆ ಹೋಗಿ ನಿಲ್ಲುತ್ತಾರೆ.

ಬಾವಡಿಗಳಿಗೆ, ಅಂದರೆ ಮೆಟ್ಟಿಲುಬಾವಿಗಳಿಗೆ, ಅರ್ಧ ಗಂಟೆ ಸಾಕು. ಚಾಂದ್ ಬಾವಡಿ ಚಾಂದ್‌ಬೀಬಿಯ ಹೆಸರಿನದು, ಕಟ್ಟಿಸಿದವನು ಆಕೆಯ ಗಂಡ, ಸುಲ್ತಾನ ಒಂದನೆಯ ಅಲಿ. 1580ರಲ್ಲಿ ಅವನು ಸತ್ತ ಮೇಲೆ ಒಂಬತ್ತು ವರ್ಷದ ಇಬ್ರಾಹಿಂನ ಪರವಾಗಿ ರಾಜ್ಯ ನಡೆಸಿದವಳು ಆಕೆ. ಹೆಸರಿರುವುದಕ್ಕೂ ಕಟ್ಟಿಸುವುದಕ್ಕೂ ಇರುವ ವ್ಯತ್ಯಾಸ ಟಿಪ್ಪಣಿಯಲ್ಲಿರಲಿ.

ಇಲ್ಲಿಯವರೆಗೆ ಸಿಕ್ಕವರೆಲ್ಲ ಅರಮನೆಯವರು. ಜೋಳ ಬೀಸಿದವರು ಕಲ್ಲಿನಲ್ಲಿ ಸಿಗುವುದಿಲ್ಲ, ಹಾಡಿನಲ್ಲಿ ಸಿಗುತ್ತಾರೆ. ಇಲ್ಲಿನ ಸೂಫಿಗಳ ಪರಂಪರೆಯಲ್ಲಿ ಹುಟ್ಟಿದ ದಖನಿ ಚಕ್ಕಿನಾಮಾ, ಚರಖಾನಾಮಾ ಹಾಡುಗಳು ಬೀಸುವ, ನೂಲುವ ಹೆಂಗಸರ ಬಾಯಲ್ಲಿದ್ದವು. ಬೀಸುಕಲ್ಲಿನ ಗೂಟ ಅಲಿಫ್ ಅಕ್ಷರ, ಅಂದರೆ ಅಲ್ಲಾಹ್ ಎಂದು ಅವು ಹೇಳಿಕೊಡುತ್ತವೆ. ಶಾಹಪುರ ದಿಬ್ಬದ ದರ್ಗಾ ನೋಡಿಕೊಂಡು ಸುತ್ತಲಿನ ಹಳ್ಳಿಗಳಿಗೆ ಹೋಗಿ. ಕನ್ನಡದ ಬೀಸುವ ಪದಗಳನ್ನೂ ಜೊತೆಗೇ ದಾಖಲಿಸಿ. ಆಗ ಹೋಲಿಸಿ ನೋಡಬಹುದು. ಬಾಯಿಪಾಠ ಹೇಳಿಸಿದರೆ ಅಜ್ಜಿಯರು ನಡುವೆ ನುಡಿ ಮರೆಯುತ್ತಾರೆ. ಕಲ್ಲಿಗೆ ಒಂದು ಸೇರು ಜೋಳ ಹಾಕಿಸಿ, ಬೀಸುತ್ತಲೇ ಹಾಡಿಸಿ; ಕೈ ತಿರುಗಿದರೆ ಪದ ತಾನೇ ಬರುತ್ತದೆ. ಮೊಬೈಲನ್ನು ಕಲ್ಲಿನಿಂದ ದೂರ, ಹಾಡುವವರ ಬಾಯಿಗೆ ಹತ್ತಿರ ಹಿಡಿಯಿರಿ, ಇಲ್ಲದಿದ್ದರೆ ಗರಗರ ಸದ್ದಿನಲ್ಲಿ ಮೂರನೆಯ ಸಾಲು ಮುಳುಗುತ್ತದೆ.