ಹಳೇ ಸಿಸ್ಟಮ್ಮಿಗೆ ಪ್ರಿಂಟರ್ ಡ್ರೈವರ್ ಕೂರಿಸಿದ್ದು: ನನ್ನ ಅನುಭವ

ನಮ್ಮೂರಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರಿಗೆ ಪತ್ರ ಬರೆಯೋರ ಅಂಗಡಿಗಳ ಸಾಲಿದೆ, ಅಲ್ಲಿರೋ ಸಿಸ್ಟಮ್‌ಗಳ ರಿಪೇರಿ ಹೆಚ್ಚುಕಮ್ಮಿ ನನ್ನ ಹತ್ರಾನೇ ಬರುತ್ತೆ. ಅದರಲ್ಲೊಂದು ಅಂಗಡಿಯ ಕೆಲಸ ಇದು. ಇಂಟೆಲ್ ಜಿ31 ಚಿಪ್‌ಸೆಟ್ ಬೋರ್ಡು, 2 ಜಿಬಿ ರ‍್ಯಾಮ್, ವಿಂಡೋಸ್ 7, ಒಳಗೆ ಪುಟ ಜೋಡಿಸೋಕೆ ಪೇಜ್‌ಮೇಕರ್ 7, ಕನ್ನಡ ಟೈಪ್ ಮಾಡೋಕೆ ನುಡಿ. ಕ್ರಯಪತ್ರ, ಅಗ್ರಿಮೆಂಟು, ವಿಭಾಗಪತ್ರ, ಅಫಿಡವಿಟ್ಟು ಅಂತ ವರ್ಷಗಟ್ಟಲೆ ಮಾಡಿಟ್ಟ ಮಾದರಿಗಳೆಲ್ಲ ನುಡಿಯ ಹಳೇ ಫಾಂಟಲ್ಲೇ ಇವೆ. ಹಾಗಾಗಿ "ಹೊಸ ಸಿಸ್ಟಮ್ ತಗೊಳ್ಳಿ ಅಂತ ಎಲ್ರೂ ಹೇಳ್ತಾರೆ ಕಣಪ್ಪಾ, ಆ ಫೈಲೆಲ್ಲ ಯಾರು ತಿರುಗಿ ಟೈಪ್ ಮಾಡ್ತಾರೆ" ಅಂತ ಯಜಮಾನ್ರು ಕೇಳಿದ್ದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ, ಅವ್ರು ಹೇಳಿದ್ದು ನ್ಯಾಯಾನೇ.

ಅವರ ಹಳೇ ಇಂಕ್‌ಜೆಟ್ ಕೆಟ್ಟೋಗಿತ್ತು. ಅದರ ಜಾಗಕ್ಕೆ ಸೆಕೆಂಡ್ ಹ್ಯಾಂಡ್ ಕ್ಯಾನನ್ ಎಲ್‌ಬಿಪಿ 2900 ತಂದಿದ್ರು, ಜೆರಾಕ್ಸ್ ಅಂಗಡಿಗಳಲ್ಲೆಲ್ಲ ಕಾಣ್ಸುತ್ತಲ್ಲ ಅದೇ ಸಣ್ಣ ಲೇಸರು. ಬೇರೆ ಸಿಸ್ಟಮ್ಮಲ್ಲಿ ಚೆನ್ನಾಗೇ ಹೊಡೀತಿತ್ತು. ಇಲ್ಲಿ ಮಾತ್ರ ಸೆಟಪ್ ಓಡಿಸಿದ್ರೆ "ಕೇಬಲ್ ಹಾಕಿ ಪ್ರಿಂಟರ್ ಆನ್ ಮಾಡಿ" ಅನ್ನೋ ವಿಂಡೋದಲ್ಲೇ ಕೂತ್ಬಿಡೋದು, ಕೇಬಲ್ ಹಾಕಿ ಆನ್ ಮಾಡಿದ್ರೂ ಅದಕ್ಕೆ ಗೊತ್ತಾಗ್ತಿರ್ಲಿಲ್ಲ. ಕೈಯಲ್ಲೇ ಆಡ್ ಪ್ರಿಂಟರ್‌ಗೆ ಹೋದ್ರೆ ಲೋಕಲ್ ಪ್ರಿಂಟ್ ಸ್ಪೂಲರ್ ಸರ್ವೀಸ್ ಓಡ್ತಿಲ್ಲ ಅಂತ ಮೆಸೇಜು (ಸ್ಪೂಲರ್ ಅಂದ್ರೆ ಪ್ರಿಂಟುಗಳನ್ನ ಸಾಲಲ್ಲಿಟ್ಟು ಪ್ರಿಂಟರಿಗೆ ಕಳಿಸೋ ವಿಂಡೋಸಿನ ಭಾಗ). ಮೊದಲು ನೋಡಿದವರು ಯಾರೋ ಬೇರೆ ಬೇರೆ ಡ್ರೈವರ್ (ಪ್ರಿಂಟರ್ ಜೊತೆ ಮಾತಾಡೋಕೆ ಕಂಪ್ಯೂಟರಿಗೆ ಬೇಕಾದ ಸಾಫ್ಟ್‌ವೇರು) ಇಳಿಸಿ ಒಂದರ ಮೇಲೊಂದು ಓಡಿಸಿ ಹೋಗಿದ್ರು, ಯಾವುದೂ ಪೂರ್ತಿ ಆಗಿರ್ಲಿಲ್ಲ.

ಇಂಥ ಕೇಸಲ್ಲಿ ನಾನು ಡ್ರೈವರ್ ಫೈಲನ್ನ ಕಡೇಗೆ ಮುಟ್ಟೋದು. ಯಾಕಂದ್ರೆ ಹಳೇ ಸಿಸ್ಟಮ್ಮಲ್ಲಿ ಡ್ರೈವರ್ ಕೂರ್ತಿಲ್ಲ ಅಂದ್ರೆ ಬಹಳ ಸಲ ತೊಂದ್ರೆ ಡ್ರೈವರ್‌ಗಿಂತ ಮೊದಲೇ ಎಲ್ಲೋ ಇರುತ್ತೆ, ಗಡಿಯಾರದಲ್ಲೋ ಕೇಬಲ್ಲಲ್ಲೋ ಸ್ಪೂಲರಲ್ಲೋ, ಹಿಂದಿನ ಪ್ರಿಂಟರ್ ಬಿಟ್ಟು ಹೋದ ಕಸದಲ್ಲೋ. ಅದನ್ನ ಬಿಟ್ಟು ಸೆಟಪ್ಪನ್ನೇ ತಿರುಗಾ ಮುರುಗಾ ಓಡಿಸ್ತಾ ಹೋದ್ರೆ ಪ್ರತಿ ಸಲಾನೂ ಇನ್ನಷ್ಟು ಕಸ ಸೇರುತ್ತೆ.

ಮೊದಲು ನೋಡಿದ್ದು 32 ಬಿಟ್ಟೋ 64 ಬಿಟ್ಟೋ ಅಂತ. ಕಂಪ್ಯೂಟರ್ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋದ್ರೆ ಸಿಸ್ಟಮ್ ಟೈಪ್ ಅಂತ ಕಾಣುತ್ತೆ. ಇದು 32 ಬಿಟ್ಟು, ಸರ್ವೀಸ್ ಪ್ಯಾಕ್ 1 ಇತ್ತು. ಡೆಸ್ಕ್‌ಟಾಪ್ ಮೇಲೆ ಬಿದ್ದಿದ್ದ ಡ್ರೈವರ್‌ಗಳಲ್ಲಿ ಒಂದು 64 ಬಿಟ್ಟಿಂದು, ಅದು ಇಲ್ಲಿ ಯಾವ ಕಾರಣಕ್ಕೂ ಕೂರಲ್ಲ.

ಆಮೇಲೆ ಟಾಸ್ಕ್‌ಬಾರ್ ಮೂಲೆಯಲ್ಲಿರೋ ತಾರೀಖು ನೋಡಿದೆ, 2009 ತೋರಿಸ್ತಿತ್ತು. ಬೋರ್ಡಲ್ಲಿರೋ ಸಿಆರ್2032 ಬ್ಯಾಟರಿ ಸತ್ತಿದೆ ಅಂತ ಅರ್ಥ, ಕರೆಂಟ್ ತೆಗೆದಾಗೆಲ್ಲ ಗಡಿಯಾರ ಹಿಂದಕ್ಕೆ ಹೋಗುತ್ತೆ. ಇದು ಸಣ್ಣ ವಿಷಯ ಅಂತ ಬಿಡಬಾರ್ದು, ತಾರೀಖು ತಪ್ಪಿದ್ರೆ ಬ್ರೌಸರ್ರು ಸೈಟಿನ ಸರ್ಟಿಫಿಕೇಟ್ ಸರಿಯಿಲ್ಲ ಅಂತ ಡೌನ್‌ಲೋಡ್ ಪೇಜನ್ನೇ ತೆರೆಯಲ್ಲ, ಡ್ರೈವರಿನ ಡಿಜಿಟಲ್ ಸಹಿ ನೋಡೋವಾಗ್ಲೂ ಕೆಲವು ಸಲ ತಕರಾರು ಬರುತ್ತೆ. ಬ್ಯಾಟರಿ ಬದಲಾಯಿಸಿ, ಬಯೋಸಲ್ಲಿ (ವಿಂಡೋಸ್ ಶುರುವಾಗೋ ಮುಂಚೆ ಬರೋ ಬೋರ್ಡಿನ ಸೆಟ್ಟಿಂಗಲ್ಲಿ) ತಾರೀಖು ಟೈಮು ಸರಿ ಮಾಡಿ, ಸೇವ್ ಮಾಡ್ಕೊಂಡು ಆಚೆ ಬಂದೆ.

ಕೇಬಲ್ ವಿಷ್ಯ. ಅಂಗಡಿಯಲ್ಲಿ ಪ್ರಿಂಟರ್ ದೂರದ ಟೇಬಲ್ ಮೇಲಿದೆ ಅಂತ ಉದ್ದದ ಯುಎಸ್‌ಬಿ ಕೇಬಲ್ಲಿಗೆ ಇನ್ನೊಂದು ಎಕ್ಸ್‌ಟೆನ್ಷನ್ ಸೇರಿಸಿ ಕ್ಯಾಬಿನೆಟ್ಟಿನ ಮುಂದಿನ ಪೋರ್ಟಿಗೆ ಹಾಕಿದ್ರು. ಯುಎಸ್‌ಬಿ 2.0 ಕೇಬಲ್ಲಿಗೆ 5 ಮೀಟರೇ ಮಿತಿ, ಅದೂ ಒಳ್ಳೇ ಕೇಬಲ್ ಆದ್ರೆ. ಹಳೇ ಕ್ಯಾಬಿನೆಟ್ಟಲ್ಲಿ ಮುಂದಿನ ಪೋರ್ಟುಗಳು ಒಳಗಡೆ ಸಣ್ಣ ವೈರಲ್ಲಿ ಬೋರ್ಡಿಗೆ ಹೋಗಿರುತ್ತೆ, ಅದು ಸಡಿಲ ಆಗಿರೋದು ಸಾಮಾನ್ಯ. ನನ್ನ ಬ್ಯಾಗಲ್ಲಿರೋ ಗಿಡ್ಡ ಕೇಬಲ್ ತೆಗೆದು ಹಿಂದಿನ ಪೋರ್ಟಿಗೆ, ಅಂದ್ರೆ ನೇರ ಬೋರ್ಡಿಗೆ ಹಾಕಿದೆ. ಸಿಕ್ಕಿಸಿರೋ ಸಾಧನಗಳ ಪಟ್ಟಿ ತೋರಿಸೋ ಡಿವೈಸ್ ಮ್ಯಾನೇಜರಲ್ಲಿ ಅಲ್ಲೀವರೆಗೆ ಪ್ರಿಂಟರಿಗೆ ಕೋಡ್ 43 ಬರ್ತಾ ಇತ್ತು, ಈಗ ಕೋಡ್ 28 ಬಂತು. ಇದು ಖುಷಿ ಪಡೋ ವಿಷ್ಯ. 43 ಅಂದ್ರೆ ಆ ಸಾಧನದ ಜೊತೆ ಮಾತುಕತೆನೇ ಸರಿಯಾಗಿ ನಡೀತಿಲ್ಲ ಅಂತ, 28 ಅಂದ್ರೆ ಸಾಧನ ಸಿಕ್ಕಿದೆ, ಅದಕ್ಕೆ ಡ್ರೈವರ್ ಮಾತ್ರ ಇಲ್ಲ ಅಂತ. ಇದೇ ಜಾಗದಲ್ಲಿ ಕೋಡ್ 52 ಬಂದಿದ್ರೆ ಸಹಿಯ ಸಮಸ್ಯೆ. ಈ ನಂಬರ್‌ಗಳನ್ನ ನೋಡದೆ ಬರೀ ಹಳದಿ ಗುರುತು ನೋಡಿ ಡ್ರೈವರ್ ಹುಡುಕೋಕೆ ಹೋಗೋರು ತುಂಬಾ ಜನ ಇದಾರೆ, ದಯವಿಟ್ಟು ಡಬಲ್ ಕ್ಲಿಕ್ ಮಾಡಿ ಆ ನಂಬರ್ ಓದಿ, ಅರ್ಧ ಉತ್ತರ ಅಲ್ಲೇ ಸಿಗುತ್ತೆ.

ಈಗ ಸ್ಪೂಲರ್. ಇದೇ ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ತಗೊಂಡಿದ್ದು. ರನ್ ಬಾಕ್ಸಲ್ಲಿ ಸರ್ವೀಸಸ್ ಡಾಟ್ ಎಂಎಸ್‌ಸಿ ಅಂತ ಕೊಟ್ಟು ಪ್ರಿಂಟ್ ಸ್ಪೂಲರ್ ಸ್ಟಾರ್ಟ್ ಮಾಡಿದ್ರೆ ಸ್ಟಾರ್ಟ್ ಆಗುತ್ತೆ, ಸ್ವಲ್ಪ ಹೊತ್ತಿಗೆ ತಾನೇ ನಿಂತೋಗುತ್ತೆ. ಸ್ಪೂಲರ್ ನಿಂತಿದ್ರೆ ಪ್ರಪಂಚದ ಯಾವ ಪ್ರಿಂಟರ್ ಡ್ರೈವರ್ರೂ ಕೂರಲ್ಲ, ಆ ಸೆಟಪ್ ಕಾಯ್ತಾ ಕೂತಿದ್ದಕ್ಕೆ ಕೇಬಲ್ ಜೊತೆಗೆ ಇದೂ ಒಂದು ಕಾರಣ. ಸ್ಪೂಲರ್ ಸ್ಟಾಪ್ ಮಾಡಿ, ಸಿ ಡ್ರೈವಲ್ಲಿ ವಿಂಡೋಸ್, ಸಿಸ್ಟಮ್32, ಸ್ಪೂಲ್, ಪ್ರಿಂಟರ್ಸ್ ಅನ್ನೋ ಫೋಲ್ಡರ್‌ಗೆ ಹೋಗಿ ನೋಡಿದ್ರೆ ಹಳೇ ಇಂಕ್‌ಜೆಟ್ಟಿಗೆ ಕೊಟ್ಟ ಪ್ರಿಂಟುಗಳು ಹಾಗೇ ಕೂತಿದ್ವು. ಅಲ್ಲಿ ಎರಡು ಥರದ ಫೈಲಿರುತ್ತೆ, ಎಸ್‌ಪಿಎಲ್ ಅಂದ್ರೆ ಪ್ರಿಂಟ್ ಆಗ್ಬೇಕಾದ ವಿಷಯ, ಎಸ್‌ಎಚ್‌ಡಿ ಅಂದ್ರೆ ಯಾವ ಪ್ರಿಂಟರ್‌ಗೆ ಯಾರು ಕಳಿಸಿದ್ದು ಅನ್ನೋ ವಿವರ. ಆ ಫೋಲ್ಡರ್ ಒಳಗಿನ ಫೈಲುಗಳನ್ನ ಮಾತ್ರ ಅಳಿಸ್ಬೇಕು, ಫೋಲ್ಡರ್‌ನ ಅಳಿಸಬಾರ್ದು.

ಅಳಿಸಿ ಸ್ಟಾರ್ಟ್ ಮಾಡಿದ್ರೂ ಮತ್ತೆ ನಿಂತೋಯ್ತು. ಆಗ ಈವೆಂಟ್ ವ್ಯೂವರ್‌ಗೆ ಹೋದೆ. ವಿಂಡೋಸ್ ಲಾಗ್ಸ್ ಒಳಗೆ ಅಪ್ಲಿಕೇಶನ್ ಅಂತ ಇದೆ, ಅಲ್ಲಿ ಕೆಂಪು ಗುರುತಿನ ಈವೆಂಟ್ 1000 ಹುಡುಕಿ ತೆಗೆದ್ರೆ ಯಾವ ಪ್ರೋಗ್ರಾಮ್ ಬಿತ್ತು, ಯಾವ ಡಿಎಲ್‌ಎಲ್ ಫೈಲಿಂದ (ಪ್ರೋಗ್ರಾಮ್‌ಗಳು ಬಳಸೋ ಸಹಾಯಕ ಕೋಡಿನ ಫೈಲು) ಬಿತ್ತು ಎರಡೂ ಬರೆದಿರುತ್ತೆ. ಸ್ಪೂಲರನ್ನ ಬೀಳಿಸ್ತಾ ಇದ್ದಿದ್ದು ಹಿಂದಿನ ಇಂಕ್‌ಜೆಟ್ಟಿನ ಡಿಎಲ್‌ಎಲ್. ಪ್ರಿಂಟರ್ ಹೋಗಿತ್ತು, ಕಂಟ್ರೋಲ್ ಪ್ಯಾನಲ್ಲಿಂದ ಅದರ ಹೆಸರೂ ಹೋಗಿತ್ತು, ಆದ್ರೆ ಅದರ ಪೋರ್ಟ್ ಮಾನಿಟರ್ (ಸ್ಪೂಲರನ್ನ ಪ್ರಿಂಟರಿನ ಪೋರ್ಟಿಗೆ ಸೇರಿಸೋ ತುಣುಕು) ವಿಂಡೋಸಿನ ಸೆಟ್ಟಿಂಗುಗಳೆಲ್ಲ ಇರೋ ರಿಜಿಸ್ಟ್ರಿಯಲ್ಲಿ ಉಳ್ಕೊಂಡು ಸ್ಪೂಲರ್ ಎದ್ದಾಗೆಲ್ಲ ಲೋಡ್ ಆಗ್ತಿತ್ತು. ಮನೆ ಖಾಲಿ ಮಾಡಿದ ಬಾಡಿಗೆದಾರ ಬೀಗದ ಕೈ ವಾಪಸ್ ಕೊಡದೆ ಹೋದ ಹಾಗೆ.

ಇದನ್ನ ತೆಗೆಯೋ ಮುಂಚೆ ಸಿಸ್ಟಮ್ ರಿಸ್ಟೋರ್ ಪಾಯಿಂಟ್ ಮಾಡಿ, ರಿಜಿಸ್ಟ್ರಿಯ ಪ್ರಿಂಟ್ ಭಾಗವನ್ನ ಎಕ್ಸ್‌ಪೋರ್ಟ್ ಮಾಡಿ ಇಟ್ಕೊಂಡೆ, ಇದನ್ನ ಯಾರೂ ಬಿಡಬೇಡಿ. ಎಚ್‌ಕೀ ಲೋಕಲ್ ಮಷೀನ್, ಸಿಸ್ಟಮ್, ಕರೆಂಟ್ ಕಂಟ್ರೋಲ್ ಸೆಟ್, ಕಂಟ್ರೋಲ್, ಪ್ರಿಂಟ್, ಮಾನಿಟರ್ಸ್ ಅಂತ ಒಳಗೆ ಹೋದ್ರೆ ಪಟ್ಟಿ ಇರುತ್ತೆ. ಲೋಕಲ್ ಪೋರ್ಟ್, ಸ್ಟ್ಯಾಂಡರ್ಡ್ ಟಿಸಿಪಿ ಐಪಿ ಪೋರ್ಟ್, ಯುಎಸ್‌ಬಿ ಮಾನಿಟರ್, ಡಬ್ಲ್ಯುಎಸ್‌ಡಿ ಪೋರ್ಟ್ ಇವೆಲ್ಲ ವಿಂಡೋಸಿನವೇ, ಅವುಗಳ ತಂಟೆಗೆ ಹೋಗಬಾರ್ದು. ಈವೆಂಟಲ್ಲಿ ಕಂಡ ಡಿಎಲ್‌ಎಲ್ ಹೆಸರು ಯಾವ ಕೀ ಒಳಗಿತ್ತೋ ಅದೊಂದನ್ನ ಮಾತ್ರ ತೆಗೆದೆ. ಸ್ಪೂಲರ್ ಸ್ಟಾರ್ಟ್ ಮಾಡಿದೆ, ಈ ಸಲ ಬೀಳ್ಲಿಲ್ಲ, ಟೀ ಕುಡಿದು ಬಂದ್ಮೇಲೂ ಓಡ್ತಾನೇ ಇತ್ತು.

ಆಮೇಲೆ ಉಳಿದ ಡ್ರೈವರ್‌ಗಳು. ರನ್ ಬಾಕ್ಸಲ್ಲಿ ಪ್ರಿಂಟ್‌ಯುಐ, ಸ್ಪೇಸ್, ಸ್ಲ್ಯಾಶ್ ಎಸ್, ಸ್ಪೇಸ್, ಸ್ಲ್ಯಾಶ್ ಟಿ2 ಅಂತ ಕೊಟ್ರೆ ಪ್ರಿಂಟ್ ಸರ್ವರ್ ಪ್ರಾಪರ್ಟೀಸಿನ ಡ್ರೈವರ್ಸ್ ಪುಟಾನೇ ನೇರ ತೆರ‍್ಕೊಳ್ಳುತ್ತೆ. ಅಲ್ಲಿ ಹಳೇ ಇಂಕ್‌ಜೆಟ್ಟಿಂದು, ಅರ್ಧಕ್ಕೆ ನಿಂತ ಲೇಸರಿಂದು ಎರಡನ್ನೂ ಡ್ರೈವರ್ ಜೊತೆಗೆ ಪ್ಯಾಕೇಜೂ ಹೋಗೋ ಆಯ್ಕೆ ಕೊಟ್ಟು ತೆಗೆದೆ. ವಿಂಡೋಸ್ 7ರ ಡಿವೈಸ್ ಮ್ಯಾನೇಜರಲ್ಲಿ ಈಗ ಸಿಕ್ಕಿಸದೇ ಇರೋ ಸಾಧನಗಳು ಸುಮ್ನೆ ಕಾಣಲ್ಲ, ಅದಕ್ಕೆ ಕಮ್ಯಾಂಡ್ ಪ್ರಾಂಪ್ಟನ್ನ ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಸೆಟ್ ಅಂತ ಬರೆದು ಸ್ಪೇಸ್ ಬಿಟ್ಟು ಡೆವ್‌ಎಂಜಿಆರ್, ಶೋ, ನಾನ್‌ಪ್ರೆಸೆಂಟ್, ಡಿವೈಸಸ್ ಈ ನಾಲ್ಕನ್ನೂ ಅಂಡರ್‌ಸ್ಕೋರಲ್ಲಿ ಸೇರಿಸಿ ಈಕ್ವಲ್ 1 ಅಂತ ಕೊಟ್ಟು, ಅದೇ ವಿಂಡೋದಿಂದಲೇ ಡಿವೈಸ್ ಮ್ಯಾನೇಜರ್ ತೆರೆದು, ವ್ಯೂ ಮೆನುವಲ್ಲಿ ಶೋ ಹಿಡನ್ ಡಿವೈಸಸ್ ಒತ್ತಬೇಕು. ಮಸುಕಾಗಿ ಕಾಣೋ ಯುಎಸ್‌ಬಿ ಪ್ರಿಂಟಿಂಗ್ ಸಪೋರ್ಟ್‌ಗಳು ಸಾಲಾಗಿ ನಿಂತಿದ್ವು. ಪ್ರಿಂಟರನ್ನ ಸಲಕ್ಕೊಂದು ಪೋರ್ಟಿಗೆ ಹಾಕ್ತಾ ಹೋದ್ರೆ ವಿಂಡೋಸ್ ಅದನ್ನ ಹೊಸ ಸಾಧನ ಅಂದ್ಕೊಂಡು ಯುಎಸ್‌ಬಿ001, 002 ಅಂತ ಪೋರ್ಟ್ ಮಾಡ್ತಾ ಹೋಗಬಹುದು, ಡ್ರೈವರ್ ಒಂದಕ್ಕೆ ಅಂಟ್ಕೊಂಡಿರುತ್ತೆ ಪ್ರಿಂಟರ್ ಇನ್ನೊಂದರಲ್ಲಿರುತ್ತೆ. ಮಸುಕಾಗಿದ್ದವನ್ನೆಲ್ಲ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಕೊಟ್ಟೆ.

ಡ್ರೈವರನ್ನ ಕಂಪನಿಯ ಸ್ವಂತ ಸೈಟಿಂದ ನನ್ನ ಮೊಬೈಲಲ್ಲೇ ಇಳಿಸ್ಕೊಂಡು ಓಟಿಜಿ ಪೆನ್‌ಡ್ರೈವಲ್ಲಿ ಹಾಕ್ಕೊಂಡೆ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಸಪೋರ್ಟ್ 2020ರ ಜನವರಿ 14ಕ್ಕೆ ಮುಗಿದಿದೆ, ಕ್ರೋಮ್ ಕೂಡ ಅದರಲ್ಲಿ 109ನೇ ವರ್ಷನ್ನಿಗೇ ನಿಂತಿದೆ, ಹಾಗಾಗಿ ಆ ಸಿಸ್ಟಮ್ಮಲ್ಲೇ ಡ್ರೈವರ್ ಹುಡುಕೋದು ನನಗೆ ಸರಿ ಅನ್ಸಲ್ಲ. ಹುಡುಕಿದಾಗ ಮೇಲೆ ಮೇಲೆ ಬರೋ ಡ್ರೈವರ್ ಅಪ್‌ಡೇಟ್ ಮಾಡ್ಕೊಡ್ತೀವಿ ಅನ್ನೋ ಸಾಫ್ಟ್‌ವೇರುಗಳನ್ನಂತೂ ಮುಟ್ಟಲೇ ಬೇಡಿ, ಜನರ ಆಸ್ತಿ ಪತ್ರ ಇರೋ ಸಿಸ್ಟಮ್ ಅದು.

ಇನ್ನೊಂದು ಮಾತು, ಯಾವುದೋ ಯೂನಿವರ್ಸಲ್ ಡ್ರೈವರ್ ಹಾಕಿದ್ರೆ ನಡೆಯಲ್ವಾ ಅಂತ ಕೇಳ್ತಾರೆ. 2900 ಥರದ ಪ್ರಿಂಟರಿಗೆ ನಡೆಯಲ್ಲ. ಪಿಸಿಎಲ್ಲು, ಪೋಸ್ಟ್‌ಸ್ಕ್ರಿಪ್ಟು ಅನ್ನೋ ಸಾಮಾನ್ಯ ಪ್ರಿಂಟರ್ ಭಾಷೆಗಳೆರಡೂ ಅದಕ್ಕೆ ಅರ್ಥ ಆಗಲ್ಲ, ಕ್ಯಾನನ್‌ದೇ ಆದ ಸಿಎಪಿಟಿ ಅನ್ನೋ ಪದ್ಧತಿ ಅದರದ್ದು, ಪೇಜನ್ನ ಚುಕ್ಕಿಗಳಾಗಿ ಮಾಡೋ ಕೆಲಸ ಎಲ್ಲ ಕಂಪ್ಯೂಟರ್ ಕಡೆ ಇರೋ ಡ್ರೈವರೇ ಮಾಡ್ಬೇಕು. ಎಚ್‌ಪಿ ಲೇಸರ್‌ಜೆಟ್ 1020 ಇನ್ನೂ ಒಂದು ಹೆಜ್ಜೆ ಮುಂದೆ, ಪ್ರತಿ ಸಲ ಆನ್ ಮಾಡಿದಾಗ ಅದರ ಫರ್ಮ್‌ವೇರೇ (ಪ್ರಿಂಟರ್ ಒಳಗೆ ಓಡೋ ಸಾಫ್ಟ್‌ವೇರು) ಕಂಪ್ಯೂಟರಿಂದ ಹೋಗ್ಬೇಕು. ಪ್ರಿಂಟರ್ ಅಗ್ಗ ಆಗಿದ್ದು ಹೀಗೇ, ತಲೆ ಕೆಲಸ ಕಂಪ್ಯೂಟರಿಗೆ ಬಿಟ್ಟು. ಅದಕ್ಕೇ ಸರಿಯಾದ ಡ್ರೈವರ್ ಇಲ್ದೆ ಇವು ಒಂದು ಅಕ್ಷರಾನೂ ಹೊಡೆಯಲ್ಲ.

ಸೆಟಪ್ ಓಡಿಸದೆ ಆ ಫೈಲನ್ನ 7-ಜಿಪ್ಪಲ್ಲಿ ಬಿಚ್ಚಿ ಡಿ ಡ್ರೈವಲ್ಲಿ ಒಂದು ಫೋಲ್ಡರ್‌ಗೆ ಹಾಕಿದೆ. ಡಿವೈಸ್ ಮ್ಯಾನೇಜರಲ್ಲಿ ಪ್ರಿಂಟರಿನ ಮೇಲೆ ಅಪ್‌ಡೇಟ್ ಡ್ರೈವರ್ ಕೊಟ್ಟು, ಹ್ಯಾವ್ ಡಿಸ್ಕ್ ಒತ್ತಿ, ಆ ಫೋಲ್ಡರಲ್ಲಿರೋ ಐಎನ್‌ಎಫ್ ಫೈಲ್ (ಡ್ರೈವರ್ ಹೇಗೆ ಕೂರಿಸ್ಬೇಕು ಅನ್ನೋ ವಿವರ ಇರೋದು) ತೋರಿಸಿದೆ. ಆಗ್ಲಿಲ್ಲ, ಫೈಲ್ ಸಿಗ್ತಿಲ್ಲ ಅಂತ ಬಂತು. ಫೈಲ್ ಕಣ್ಣೆದುರಿಗೇ ಇದೆಯಲ್ಲ ಅಂತ ವಾದ ಮಾಡೋ ಬದಲು ಲಾಗ್ ಓದಬೇಕು. ವಿಂಡೋಸ್ ಫೋಲ್ಡರಲ್ಲಿ ಐಎನ್‌ಎಫ್ ಒಳಗೆ ಸೆಟಪ್‌ಎಪಿಐ ಡಾಟ್ ಡೆವ್ ಡಾಟ್ ಲಾಗ್ ಅನ್ನೋ ಫೈಲಿದೆ, ಅದನ್ನ ನೋಟ್‌ಪ್ಯಾಡಲ್ಲಿ ತೆಗೆದು ಕೆಳಗಿಂದ ಮೇಲಕ್ಕೆ ಓದ್ತಾ ಬನ್ನಿ, ಮೂರು ಆಶ್ಚರ್ಯಸೂಚಕ ಚಿಹ್ನೆಯಿಂದ ಶುರುವಾಗೋ ಸಾಲು ಎರರ್, ಒಂದೇ ಚಿಹ್ನೆ ಇದ್ರೆ ಎಚ್ಚರಿಕೆ ಅಷ್ಟೇ. ಅಲ್ಲಿ ಗೊತ್ತಾಯ್ತು, ವಿಂಡೋಸ್ ನಾನು ತೋರಿಸಿದ ಫೋಲ್ಡರ್ ಬಿಟ್ಟು ಮೊದಲಿನವರು ಅರ್ಧಕ್ಕೆ ನಿಲ್ಲಿಸಿದ ಇನ್ನೊಂದು ಪ್ಯಾಕೇಜಿನಿಂದಲೇ ಫೈಲ್ ತಗೊಳ್ಳೋಕೆ ನೋಡ್ತಿತ್ತು, ಅದರಲ್ಲಿ ಫೈಲ್ ಇರ್ಲಿಲ್ಲ. ಪಿಎನ್‌ಪಿಯುಟಿಲ್ ಮೈನಸ್ ಇ ಅಂತ ಕಮ್ಯಾಂಡ್ ಕೊಟ್ರೆ ಹೊರಗಿನಿಂದ ಬಂದ ಪ್ಯಾಕೇಜುಗಳ ಪಟ್ಟಿ ಒಇಎಂ ಅಂತ ಶುರುವಾಗೋ ಹೆಸರಲ್ಲಿ ಬರುತ್ತೆ, ಕಂಪನಿ ಹೆಸರು ಮತ್ತೆ ಪ್ರಿಂಟರ್ ಅನ್ನೋ ವರ್ಗ ನೋಡಿ ಗುರುತಿಸಿ, ಮೈನಸ್ ಎಫ್ ಮೈನಸ್ ಡಿ ಕೊಟ್ಟು ಅದನ್ನ ಅಳಿಸಿದೆ. ಮತ್ತೆ ಹ್ಯಾವ್ ಡಿಸ್ಕ್. ಈ ಸಲ ಹೆಸರು ಬಂತು, ಫೈಲ್ ಕಾಪಿ ಆಯ್ತು, ಪ್ರಿಂಟರ್ಸ್ ಪಟ್ಟಿಯಲ್ಲಿ ಹಸಿರು ಟಿಕ್ ಸಮೇತ ಬಂದು ಕೂತ್ಕೊಳ್ತು. ಟೆಸ್ಟ್ ಪೇಜ್ ಬಂದಾಗ ಯಜಮಾನ್ರ ಮುಖ ನೋಡ್ಬೇಕಿತ್ತು.

ಇಲ್ಲಿ ನನಗೆ ಬೇಕಾಗ್ಲಿಲ್ಲ, ಆದ್ರೆ ಹೊಸ ಪ್ರಿಂಟರನ್ನ ವಿಂಡೋಸ್ 7ಕ್ಕೆ ಹಾಕೋರಿಗೆ ಬೇಕಾಗುತ್ತೆ. ಇತ್ತೀಚಿನ ಡ್ರೈವರ್‌ಗಳ ಸಹಿ ಎಸ್‌ಎಚ್‌ಎ-2 ಪದ್ಧತಿಯದ್ದು, ಹಳೇ ವಿಂಡೋಸ್ 7ಕ್ಕೆ ಅದು ಪೂರ್ತಿ ಅರ್ಥ ಆಗಲ್ಲ. ಸರ್ವೀಸ್ ಪ್ಯಾಕ್ 1 ಇರ್ಬೇಕು, ಅದರ ಮೇಲೆ 2019ರ ಮಾರ್ಚಲ್ಲಿ ಬಂದ ವಿಂಡೋಸ್ ಅಪ್‌ಡೇಟುಗಳಲ್ಲಿ ಕೆಬಿ4490628 ಮೊದಲು, ಕೆಬಿ4474419 ಆಮೇಲೆ ಹಾಕ್ಬೇಕು. ಸಹಿ ನೋಡೋದನ್ನೇ ಬಂದ್ ಮಾಡಿ ಡ್ರೈವರ್ ತುರುಕೋದಕ್ಕಿಂತ ಇದು ಎಷ್ಟೋ ಮೇಲು.

ಟೆಸ್ಟ್ ಪೇಜ್ ಬಂತು ಅಂದ ತಕ್ಷಣ ಬ್ಯಾಗ್ ಎತ್ಕೊಂಡು ಹೊರಡಬಾರ್ದು. ಹೊಸದಾಗಿ ಕೂತ ಡ್ರೈವರಲ್ಲಿ ಪೇಪರ್ ಸೈಜ್ ಲೆಟರ್ ಅಂತಿತ್ತು, ಅದು 279 ಮಿಲಿಮೀಟರ್ ಉದ್ದ, ನಮ್ಮ ಎ4 297. ಹಾಗೇ ಬಿಟ್ರೆ ಕೆಳಗಿನ ಸಾಲು, ಅಂದ್ರೆ ಸಾಕ್ಷಿಗಳ ಸಹಿ ಬರೋ ಜಾಗಾನೇ ಕತ್ತರಿಸಿ ಹೋಗ್ಬಹುದು. ಪ್ರಿಂಟಿಂಗ್ ಪ್ರಿಫರೆನ್ಸಸಲ್ಲಿ ಎ4 ಮಾಡಿದೆ, ಲೀಗಲ್ ಹಾಳೆಗೆ ಅಂತ ಇನ್ನೊಂದು ಹೆಸರಲ್ಲಿ ಅದೇ ಪ್ರಿಂಟರನ್ನ ಎರಡನೇ ಸಲ ಸೇರಿಸಿ ಕೊಟ್ಟೆ, ಪ್ರತಿ ಸಲ ಬದಲಾಯಿಸೋ ಗೋಜು ಇಲ್ಲ. ಪೇಜ್‌ಮೇಕರಲ್ಲಿ ಡಾಕ್ಯುಮೆಂಟ್ ಸೆಟಪ್ಪಿಗೆ ಹೋಗಿ ಕಂಪೋಸ್ ಟು ಪ್ರಿಂಟರ್ ಅನ್ನೋ ಕಡೆ ಹೊಸ ಪ್ರಿಂಟರ್ ಹೆಸರು ಕೊಡ್ಬೇಕು, ಆಮೇಲೆ ಸಾಲುಗಳು ಎಲ್ಲಿ ಮುರಿದಿವೆ ಅಂತ ಕ್ರಯಪತ್ರದ ಮಾದರಿ ಒಂದನ್ನ ಪೂರ್ತಿ ಹೊಡೆದು ಹಳೇ ಪ್ರತಿ ಪಕ್ಕ ಇಟ್ಟು ನೋಡ್ಬೇಕು. ಅಂದಹಾಗೆ ಟೆಸ್ಟ್ ಪೇಜ್ ಸರಿಯಿದ್ದು ಕನ್ನಡ ಮಾತ್ರ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಥರ ಬಂದ್ರೆ ಡ್ರೈವರನ್ನ ಬೈಬೇಡಿ, ಆ ಸಿಸ್ಟಮ್ಮಲ್ಲಿ ನುಡಿಯ ಆ ಫಾಂಟ್ ಇಲ್ಲ ಅಂತ ಅರ್ಥ.

ಹಿಂದಿನ ಯಾವ ಪೋರ್ಟಿಗೆ ಪ್ರಿಂಟರ್ ಹಾಕಿದೀವೋ ಅದಕ್ಕೆ ಬಿಳಿ ಟೇಪ್ ಅಂಟಿಸಿ ಪ್ರಿಂಟರ್ ಅಂತ ಬರೆದೆ, ಬಿಚ್ಚಿದ ಡ್ರೈವರ್ ಫೋಲ್ಡರನ್ನ ಡಿ ಡ್ರೈವಲ್ಲೇ ಬಿಟ್ಟೆ, ಪೆನ್‌ಡ್ರೈವಲ್ಲೂ ಒಂದು ಪ್ರತಿ ಕೊಟ್ಟೆ, ಇನ್ನೊಂದು ರಿಸ್ಟೋರ್ ಪಾಯಿಂಟ್ ಮಾಡಿದೆ. ಅವರ ನುಡಿ ಫೈಲುಗಳನ್ನೆಲ್ಲ ಫಾಂಟ್ ಸಮೇತ ಹೊರಗಿನ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿಸಿದೆ, ಆ ಬೋರ್ಡು ಇನ್ನೆಷ್ಟು ವರ್ಷ ಬರುತ್ತೋ.

ಇನ್ನೂ ಎಕ್ಸ್‌ಪಿ ಇಟ್ಕೊಂಡಿರೋರಿಗೆ ಇದೇ ದಾರಿ, ಹೆಸರುಗಳು ಮಾತ್ರ ಬೇರೆ: ಡ್ರೈವರ್ ಪಟ್ಟಿಗೆ ಪ್ರಿಂಟರ್ಸ್ ಅಂಡ್ ಫ್ಯಾಕ್ಸಸ್ ತೆರೆದು ಫೈಲ್ ಮೆನುವಲ್ಲಿ ಸರ್ವರ್ ಪ್ರಾಪರ್ಟೀಸ್‌ಗೆ ಹೋಗ್ಬೇಕು, ಲಾಗ್ ಫೈಲ್ ನೇರ ವಿಂಡೋಸ್ ಫೋಲ್ಡರಲ್ಲೇ ಸೆಟಪ್‌ಎಪಿಐ ಡಾಟ್ ಲಾಗ್ ಅಂತಿರುತ್ತೆ, ಸ್ಪೂಲರ್ ಫೋಲ್ಡರ್ ಅದೇ ಜಾಗ. ಎಕ್ಸ್‌ಪಿಗೆ ಅಂತ ಬರೆದಿರೋ ಡ್ರೈವರೇ ಹಾಕಿ, ಮತ್ತೆ ಅದಕ್ಕೆ ಸಪೋರ್ಟ್ 2014ರ ಏಪ್ರಿಲ್‌ನಲ್ಲೇ ಮುಗಿದಿರೋದ್ರಿಂದ ಆ ಸಿಸ್ಟಮ್ಮಿಗೆ ನೆಟ್ ಕೇಬಲ್ ಹಾಕ್ಲೇಬೇಡಿ.