ಸಿಒಪಿಡಿ ಇರುವ ಹಿರಿಯರ ಮನೆಯವರಿಗೆ, ಚಳಿಗೆ ಮುಂಚೆ

ನಮ್ಮಮ್ಮ ಬೀಡಿ ಸಿಗರೇಟು ಮುಟ್ಟಿದವರಲ್ಲ. 40 ವರ್ಷ ಸೌದೆ ಒಲೆ ಊದಿದವರು, ಈಗ ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ, ದೀರ್ಘಕಾಲದ ಶ್ವಾಸಕೋಶದ ಕಾಯಿಲೆ. ಕಳೆದ ವರ್ಷ ಉಸಿರಾಟ ಕೆಟ್ಟು ಆಸ್ಪತ್ರೆ ಸೇರಿದ್ದರು. ಒಮ್ಮೆ ಹಾಗಾದವರಿಗೆ ಮತ್ತೆ ಆಗುವ ಸಾಧ್ಯತೆ ಜಾಸ್ತಿ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಾಯಿಲೆ ಕೆರಳಿಸುವುದು ಹೆಚ್ಚಾಗಿ ಮಾಮೂಲಿ ನೆಗಡಿ, ಫ್ಲೂ. ಮೊಮ್ಮಕ್ಕಳಿಗೆ ಶೀತವಾದರೆ ಗುಣವಾಗುವವರೆಗೆ ಅಜ್ಜಿಯ ಪಕ್ಕ ಮಲಗಿಸಬೇಡಿ. ಪ್ರತಿ ವರ್ಷದ ಫ್ಲೂ ಲಸಿಕೆ, ನ್ಯುಮೋನಿಯಾ ಲಸಿಕೆ ಬಗ್ಗೆ ಡಾಕ್ಟರನ್ನು ಕೇಳಿ. ಆಮೇಲೆ ಹೊಗೆ: ಬಚ್ಚಲೊಲೆ, ಸೊಳ್ಳೆ ಬತ್ತಿ, ಸಾಂಬ್ರಾಣಿ, ದೀಪಾವಳಿಯ ಪಟಾಕಿ. ನಾವು ಸಾಂಬ್ರಾಣಿ ನಿಲ್ಲಿಸಿದೆವು, ಅಮ್ಮನಿಗೆ ಬೇಜಾರಾಯಿತು, ಆದರೂ ನಿಲ್ಲಿಸಿದೆವು.

ನಾವು ತೀರಾ ತಡವಾಗಿ ಗಮನಿಸಿದ್ದು ಇನ್‌ಹೇಲರ್. ಅಮ್ಮ ಒತ್ತುತ್ತಿದ್ದರು, ಆದರೆ ಔಷಧಿ ಬಿಳಿ ಮಂಜಿನಂತೆ ತುಟಿಯಂಚಿನಿಂದ ಹೊರಗೇ ಬರುತ್ತಿತ್ತು! ತಿಂಗಳುಗಟ್ಟಲೆ ಅರ್ಧ ಔಷಧಿಯೂ ಒಳಗೆ ಹೋಗಿರಲಿಕ್ಕಿಲ್ಲ. ಸ್ಪೇಸರ್ (ಇನ್‌ಹೇಲರ್‌ಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ) ಹಾಕಿದ ಮೇಲೆ ಸರಿಹೋಯಿತು. ನಿಮ್ಮ ಮನೆಯವರು ಹೇಗೆ ಎಳೆದುಕೊಳ್ಳುತ್ತಾರೆ, ಇವತ್ತೇ ಎದುರು ಕೂತು ನೋಡಿ. "ಈಗ ಚೆನ್ನಾಗಿದ್ದೀನಲ್ಲ" ಅಂತ ದಿನನಿತ್ಯದ ಇನ್‌ಹೇಲರ್ ಬಿಡಲು ಮಾತ್ರ ಬಿಡಬೇಡಿ.

ಕಫ ಹೆಚ್ಚಾದರೆ, ಹಳದಿ ಅಥವಾ ಹಸಿರಿಗೆ ತಿರುಗಿದರೆ, ಬಾತ್‌ರೂಮಿಗೆ ಹೋಗಿಬರುವಷ್ಟರಲ್ಲೇ ಎಂದಿಗಿಂತ ಹೆಚ್ಚು ಏದುಸಿರು ಬಂದರೆ ಅದೇ ದಿನ ಡಾಕ್ಟರಿಗೆ ತೋರಿಸಿ. ಮನೆಯಲ್ಲಿ ಉಳಿದ ಹಳೇ ಆಂಟಿಬಯೋಟಿಕ್ ಕೊಡಬೇಡಿ. ತುಟಿ ನೀಲಿಯಾದರೆ, ಮಂಪರು ಕವಿದರೆ, ಒಂದು ವಾಕ್ಯ ಪೂರ್ತಿ ಮಾತಾಡಲಾಗದಿದ್ದರೆ ಕಾಯದೆ 108ಕ್ಕೆ ಫೋನ್ ಮಾಡಿ.